ಊರಿಗೊಂದು ತಂಡ

ರೀಡ್ ಟಾಲ್ಬರ್ಟ್ ಬೆಳಗಿನಿಂದ ಒಮ್ಮೆಯೂ ಕಾರಿನ ಗಾಜು ಇಳಿಸಿರಲಿಲ್ಲ. ಪಕ್ಕದಲ್ಲಿ ಕುಳಿತು ದಾರಿ ಹೇಳುತ್ತಿದ್ದ ಬಾಲ್ದೆಮಾರ್ ಕಾಂತೂ ಅದನ್ನು ಗಮನಿಸಿದ್ದ. ಹೊರಗೆ ಜುಲೈ ತಿಂಗಳ ಸ್ಯಾನ್ ಆಂಟೋನಿಯೊ ಕಾದ ಹಂಚಿನಂತೆ ಉರಿಯುತ್ತಿತ್ತು. ಒಳಗೆ ತಣ್ಣನೆಯ ಗಾಳಿ ಮೊಣಕಾಲು ಕೊರೆಯುತ್ತಿತ್ತು. ಬಾಡಿಗೆ ಮನೆ ನೋಡಲು ಬಂದವನು ನಲ್ಲಿ ತಿರುಗಿಸಿ ನೋಡುತ್ತಾನೆ, ಬಚ್ಚಲಲ್ಲಿ ನೀರು ಸರಾಗ ಹೋಗುತ್ತದೆಯೇ ಎಂದು ಕೇಳುತ್ತಾನೆ, ಏನೂ ಇಲ್ಲದಿದ್ದರೆ ಪಕ್ಕದ ಮನೆಯ ನಾಯಿ ಬೊಗಳುತ್ತದೆಯೇ ಎಂದಾದರೂ ಕೇಳುತ್ತಾನೆ. ಈ ಮನುಷ್ಯ ಊರಿನ ಸೆಕೆಯ ಬಗ್ಗೆ ಕೂಡ ಒಂದು ಮಾತು ಕೇಳಿರಲಿಲ್ಲ.

"ಇಲ್ಲೇ ನಿಲ್ಸಿ," ಎಂದ ಬಾಲ್ದೆಮಾರ್. "ಇದೇ ದೋನ್ಯಾ ಚೋಲೆ ಬೇಕರಿ. ನಮ್ಮ ಈ ವೆಸ್ಟ್ ಸೈಡ್ ಬಡಾವಣೇಲಿ ಏನೇ ಸುದ್ದಿ ಆದ್ರೂ ಮೊದಲು ಇಲ್ಲಿ ಬೇಯುತ್ತೆ, ಆಮೇಲೆ ಪೇಪರ್‌ಗೆ ಹೋಗುತ್ತೆ."

ಹಿಂದಿನ ಸೀಟಿನಲ್ಲಿದ್ದ ಫೋಟೋ ತೆಗೆಯುವ ಹುಡುಗಿ ಮೊದಲು ಇಳಿದು ಬಾಗಿಲ ಬಳಿ ಸಜ್ಜಾಗಿ ನಿಂತಳು. ಟಾಲ್ಬರ್ಟ್ ಟೈ ಸರಿಮಾಡಿಕೊಂಡು ಆಮೇಲೆ ಇಳಿದ.

ಬೇಕರಿಯಲ್ಲಿ ದಾಲ್ಚಿನ್ನಿಯ ವಾಸನೆ ತುಂಬಿತ್ತು. ತಿಂಡಿ ಕೊಳ್ಳುತ್ತಿದ್ದವರೆಲ್ಲ ಬಾಲ್ದೆಮಾರನ ಕಡೆ ತಿರುಗಿದರು. ಅವನ ಮುಖ ಗೊತ್ತಿಲ್ಲದವರಿಗೂ ದನಿ ಗೊತ್ತಿತ್ತು. ಊರಿನ ಚಿಕ್ಕ ಬೇಸ್‌ಬಾಲ್ ತಂಡ ಆಡುವ ಪ್ರತಿ ಆಟಕ್ಕೂ ರೇಡಿಯೋದಲ್ಲಿ ಸ್ಪ್ಯಾನಿಷ್ ವಿವರಣೆ ಅವನದೇ. ಇಪ್ಪತ್ತಾರನೇ ವಯಸ್ಸಿನಲ್ಲಿ ಆ ಕುರ್ಚಿಯಲ್ಲಿ ಕುಳಿತವನು ತಲೆಗೂದಲು ಬೆಳ್ಳಗಾದರೂ ಎದ್ದಿರಲಿಲ್ಲ. ಇಸ್ತ್ರಿ ಮಾಡುವವರು, ಲಾರಿ ಓಡಿಸುವವರು, ಆಸ್ಪತ್ರೆಯಲ್ಲಿ ಮಲಗಿದವರು ಎಲ್ಲರ ಸಂಜೆಗಳಲ್ಲೂ ಅವನ ದನಿ ಇರುತ್ತಿತ್ತು.

"ದೋನ್ ಬಾಲ್ದೆ, ಇವ್ರೇನಾ ನಮ್ಮೂರಿಗೆ ತಂಡ ತರೋರು?" ದೋನ್ಯಾ ಚೋಲೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದಳು. "ಬರುತ್ತಾ ಹಾಗಾದ್ರೆ? ನಿಜವಾಗ್ಲೂ? ನನ್ ತಮ್ಮ ಬರಲ್ಲ ಅಂತಾನೆ. ಟೊಮೇಟೊ ತಗೊಳೋಕೇ ಅರ್ಧ ಗಂಟೆ ಚೌಕಾಸಿ ಮಾಡೋ ಜನ ನಾವು, ಬೇಸಿಗೆ ಪೂರ್ತಿ ದಿನಾ ಸಂಜೆ ಟಿಕೆಟ್ ಯಾರ್ ತಗೋತಾರೆ ಅಂತ ಅವನ ಮಾತು."

"ಅವನಿಗೆ ಹೇಳು," ಎಂದ ಸಾಲಿನಲ್ಲಿ ನಿಂತಿದ್ದ ಒಬ್ಬ. "ಸೋಲೋ ತಂಡ ನೋಡೋಕೆ ನಮ್ಮಷ್ಟು ತಾಳ್ಮೆ ಇರೋ ಜನ ಈ ದೇಶದಲ್ಲೇ ಇಲ್ಲ ಅಂತ."

ಎಲ್ಲರೂ ನಕ್ಕರು. ಟಾಲ್ಬರ್ಟ್ ಕೂಡ ಅರ್ಥವಾಗದೆಯೇ ನಕ್ಕ. "ಏನಂದ್ರು ಅವ್ರು?"

"ಬರ್ತೀರಾ ಅಂತ ಕೇಳ್ತಿದಾರೆ."

"ಆಗ್ಲೇ ಬಂದಾಯ್ತು ಅಂತ ಹೇಳಿ."

ಬಾಲ್ದೆಮಾರ್ ದೋನ್ಯಾ ಚೋಲೆಯ ಕಡೆ ತಿರುಗಿ ಸ್ಪ್ಯಾನಿಷ್‌ನಲ್ಲಿ ಹೇಳಿದ: "ನೋಡೋಣ ಅಂತಿದಾರೆ."

ಆಕೆ ಚಿಪ್ಪಿನ ಆಕಾರದ ಸಿಹಿ ಬನ್ನೊಂದನ್ನು ಕೊಟ್ಟಳು. ಟಾಲ್ಬರ್ಟ್ ಅದನ್ನು ಬಾಯಿಗಿಟ್ಟು ಕಣ್ಣರಳಿಸಿದ. ಕ್ಯಾಮೆರಾ ಕ್ಲಿಕ್ಕಿಸಿತು. ದೋನ್ಯಾ ಚೋಲೆಯ ಹೆಗಲ ಮೇಲೆ ಕೈ ಹಾಕಿದ, ಮತ್ತೊಮ್ಮೆ ಕ್ಲಿಕ್ಕಿಸಿತು. ಕಾರಿಗೆ ಮರಳುವಾಗ ಒಂದೇ ಕಡಿತ ಕಂಡ ಬನ್ನನ್ನು ಅವನು ಕಾಗದದಲ್ಲಿ ಸುತ್ತಿ ಬಾಗಿಲಾಚೆಯ ಬೆಂಚಿನ ಮೇಲೆ ಇಟ್ಟದ್ದನ್ನು ಬಾಲ್ದೆಮಾರ್ ಕಂಡ. ಸಿಹಿ ಸೇರದೇ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು ಎಂದು ತನಗೆ ತಾನೇ ಹೇಳಿಕೊಂಡ. ಮನಸ್ಸು ಒಪ್ಪಲಿಲ್ಲ.

ಟಾಲ್ಬರ್ಟ್ ಬಂದದ್ದು ಉತ್ತರದ ದೊಡ್ಡ ಸರೋವರದ ದಂಡೆಯ ಹ್ಯಾಲ್ಡೇನ್‌ನಿಂದ. ಅಲ್ಲಿನದು ದೊಡ್ಡ ಲೀಗಿನ ತಂಡ. ಆದರೆ ಮೈದಾನ ಹಳೆಯದಾಗಿತ್ತು. ಹೊಸದನ್ನು ಊರೇ ಕಟ್ಟಿಸಿಕೊಡಬೇಕು ಎಂದು ತಂಡದ ಯಜಮಾನ ಹಟ ಹಿಡಿದಿದ್ದ. ಕೊಡುವುದಿಲ್ಲ ಎಂದು ಊರೂ ಹಟ ಹಿಡಿದಿತ್ತು. ವಸಂತಕಾಲದಲ್ಲಿ ಯಜಮಾನ ಪತ್ರಿಕೆಯವರನ್ನು ಕರೆದು, ದೇಶದಲ್ಲಿ ಬೆಳೆಯುತ್ತಿರುವ ಊರುಗಳು ಬೇರೆಯೂ ಇವೆ ಎಂದ. ಅದಾದ ಸ್ವಲ್ಪ ದಿನಕ್ಕೇ ಅವನ ಕಡೆಯವನಾಗಿ ಟಾಲ್ಬರ್ಟ್ ಇಲ್ಲಿ ಬಂದಿಳಿದಿದ್ದ.

ಸ್ಯಾನ್ ಆಂಟೋನಿಯೊ ಬೆಳೆಯುತ್ತಿದ್ದದ್ದು ಸುಳ್ಳಲ್ಲ. ಉತ್ತರದ ಗುಡ್ಡಗಳ ತನಕ ಮನೆಗಳು ಹಬ್ಬಿದ್ದವು. ನಿನ್ನೆ ಜಾನುವಾರು ಮೇಯುತ್ತಿದ್ದ ಕಡೆ ಇಂದು ಶಾಲೆ ಎದ್ದಿರುತ್ತಿತ್ತು. ಆದರೂ ದೊಡ್ಡ ಲೀಗಿನ ಬೇಸ್‌ಬಾಲ್ ನೋಡಬೇಕೆಂದರೆ ಹ್ಯೂಸ್ಟನ್ನಿಗೋ ಡಲ್ಲಾಸ್ ಕಡೆಗೋ ಗಂಟೆಗಟ್ಟಲೆ ಕಾರು ಓಡಿಸಬೇಕು. ಜನ ಇದ್ದಾರೆ, ಜೇಬಲ್ಲಿ ಕಾಸಿಲ್ಲ, ದೊಡ್ಡ ಕಂಪನಿಗಳಿಲ್ಲ, ಬಿಸಿಲು ವಿಪರೀತ: ತಿಳಿದವರು ಹೀಗೆ ಎಷ್ಟೋ ಸಲ ಹೇಳಿ ಊರನ್ನು ಪಕ್ಕಕ್ಕೆ ಸರಿಸಿದ್ದರು. ಈಗ ಮೊದಲ ಬಾರಿಗೆ ಯಾರೋ ತಾವಾಗಿ ಬಾಗಿಲು ತಟ್ಟಿದ್ದರು. ತಟ್ಟಿದವರನ್ನು ಕಣ್ಣರಳಿಸಿ ನೋಡುವ ಬದಲು ಬಾಲ್ದೆಮಾರ್ ಅವರ ಬೂಟು ನೋಡುತ್ತಿದ್ದ.

"ಕಾಂತೂ ಅವ್ರೇ," ಕಾರು ಹೊರಟ ಮೇಲೆ ಟಾಲ್ಬರ್ಟ್ ಹೇಳಿದ. "ಗುರುವಾರ ನಗರಸಭೆಲಿ ಬಹಿರಂಗ ಸಭೆ ಇದೆ. ಮೈದಾನಕ್ಕೆ ಜಾಗ, ಅದರ ಖರ್ಚಿಗೆ ಹೋಟೆಲ್ ರೂಮಿನ ಮೇಲೆ ತೆರಿಗೆ ಎಲ್ಲ ಅಲ್ಲೇ ತೀರ್ಮಾನ ಆಗೋದು. ವೆಸ್ಟ್ ಸೈಡ್ ಪರವಾಗಿ ನೀವು ನಾಲ್ಕು ಮಾತಾಡ್ಬೇಕು. ನಿಮ್ಮ ಮಾತನ್ನ ಜನ ನಂಬ್ತಾರೆ."

"ನಾನೇನು ರಾಜಕಾರಣಿ ಅಲ್ವಲ್ಲ."

"ಅದಕ್ಕೇ ನಂಬ್ತಾರೆ." ಟಾಲ್ಬರ್ಟ್ ನಕ್ಕ. "ಇನ್ನೊಂದು ವಿಷ್ಯ. ತಂಡ ಬಂದ್ರೆ ಸ್ಪ್ಯಾನಿಷ್‌ನಲ್ಲಿ ಹೇಳೋ ದನಿ ಬೇಕಲ್ಲ. ಬೇರೆ ಕಡೆ ಹುಡುಕೋಕೆ ಯಜಮಾನ್ರಿಗೆ ಇಷ್ಟ ಇಲ್ಲ. ನಿಮ್ಮ ಆಟಗಳ ರೆಕಾರ್ಡಿಂಗ್ ಕೇಳಿದೀನಿ. ಅದ್ಭುತ."

ಎಷ್ಟು ವರ್ಷಗಳಿಂದ ಬಾಲ್ದೆಮಾರ್ ಈ ಮಾತನ್ನು ಯಾರಾದರೂ ಆಡಿಯಾರೆಂದು ಕಾದಿದ್ದ. ಚಿಕ್ಕ ಲೀಗೆಂದರೆ ಬಸ್ ನಿಲ್ದಾಣ. ಚೆನ್ನಾಗಿ ಆಡುವವನು ಮೇಲಕ್ಕೆ ಹೋಗುತ್ತಾನೆ, ಭುಜ ಮುರಿದವನು ಕೆಳಕ್ಕೆ ಬರುತ್ತಾನೆ. ವಿವರಣೆ ಹೇಳುವವನೊಬ್ಬನೇ ಎಲ್ಲರನ್ನೂ ಬೀಳ್ಕೊಡುತ್ತ ಅಲ್ಲೇ ಉಳಿಯುತ್ತಾನೆ.

"ಯಾವ ಆಟದ್ದು ಕೇಳಿದ್ರಿ?" ಎಂದ, ದನಿ ಹಗುರ ಮಾಡಿಕೊಂಡು.

"ಓ, ತುಂಬಾ ಕೇಳಿದೆ. ಎಲ್ಲಾನೂ ಚೆನ್ನಾಗಿದ್ವು," ಎಂದು ಟಾಲ್ಬರ್ಟ್ ರಸ್ತೆಯ ಕಡೆ ನೋಡಿದ.

*

"ಎಲ್ಲಾನೂ ಚೆನ್ನಾಗಿದ್ವು ಅಂದ್ರೆ ಒಂದೂ ಕೇಳಿಲ್ಲ ಅಂತ ಅರ್ಥ," ಎಂದ ಬಾಲ್ದೆಮಾರ್, ಮನೆಯಲ್ಲಿ ಊಟದ ಮೇಜಿನ ಮುಂದೆ.

ಅವನ ಹೆಂಡತಿ ಎರ್ಲಿಂದಾ ಬೇಯಿಸಿದ ಬೀನ್ಸ್ ಬಡಿಸುತ್ತಿದ್ದಳು. ಸೌಟು ಪಾತ್ರೆಯ ಅಂಚಿಗೆ ಕುಟ್ಟಿ, "ಲೇ ಮುದುಕ," ಎಂದಳು. ಮದುವೆಯಾದ ಹೊಸದರಲ್ಲೂ ಅವಳು ಕರೆಯುತ್ತಿದ್ದದ್ದು ಹಾಗೆಯೇ. "ನಿಂಗೆ ಸ್ವರ್ಗದ ಬಾಗಿಲು ತೆಗೆದ್ರೂ ಒಳಗೆ ಹೋಗೋ ಮುಂಚೆ ಕೀಲು ಗಟ್ಟಿ ಇದೆಯಾ ಅಂತ ನೋಡ್ತೀಯ. ನನ್ ತಂಗಿ ಮದುವೇಲಿ ಏನ್ ಮಾಡ್ದೆ? ಗಂಡಿನ ಹಲ್ಲು ತುಂಬಾ ಬಿಳುಪಾಗಿದಾವೆ, ಇವನು ಮೋಸಗಾರ ಅಂದೆ. ಆ ಮನುಷ್ಯ ಇವತ್ತಿಗೂ ಅವಳ ಕಾಲು ಒತ್ತುತಾನೆ."

"ಒಂದ್ಸಲ ತಪ್ಪಾಯ್ತು."

"ಒಂದ್ಸಲ! ಹಾಲಿನವನು, ಪಾದ್ರಿ, ಎದುರುಮನೆ ಬೆಕ್ಕು..." ಎರ್ಲಿಂದಾ ಎದುರು ಕುಳಿತಳು. ಅವಳ ದನಿ ತಗ್ಗಿತು. "ನೋಡು ಬಾಲ್ದೆ. ರೇಡಿಯೋ ಪಕ್ಕ ಕೂತು ನಿನ್ ದನಿ ಕೇಳಿದೋಳು ನಾನು. ಖಾಲಿ ಬೆಂಚುಗಳಿಗೂ ಜೀವ ತುಂಬಿ ಹೇಳ್ತಿದ್ದೆ. ಒಂದು ಬೇಸಿಗೆ, ಒಂದೇ ಒಂದು ಬೇಸಿಗೆ ನೀನು ದೊಡ್ಡ ಲೀಗ್ ಆಟ ಹೇಳೋದು ಕೇಳ್ಬೇಕು ಅಂತ ನಂಗಿದೆ. ಎಣ್ಣೆ ಬಂದಾಗ ಕಣ್ಣು ಮುಚ್ಕೋಬೇಡ."

"ಅವ್ರು ಊರು ನೋಡೋಕೆ ಬಂದಿಲ್ಲ ಲಿಂದಾ. ಊರಿನ ಜೊತೆ ಫೋಟೋ ತೆಗೆಸ್ಕೊಳೋಕೆ ಬಂದಿದಾರೆ. ಸೆಕೆ ಬಗ್ಗೆ ಕೇಳ್ಲಿಲ್ಲ, ಬಸ್ ಎಲ್ಲೆಲ್ಲಿ ಹೋಗುತ್ತೆ ಕೇಳ್ಲಿಲ್ಲ..."

"ಅದನ್ನೆಲ್ಲ ಕೇಳೋಕೆ ಆಮೇಲೆ ಎಂಜಿನಿಯರ್ ಬರ್ತಾರೆ. ಪ್ರೀತಿ ಮಾಡೋನು ಮೊದಲನೇ ದಿನಾನೇ ಚರಂಡಿ ಬಗ್ಗೆ ಕೇಳ್ತಾನಾ?"

ಅವಳು ಹೇಳಿದ್ದರಲ್ಲೂ ನ್ಯಾಯವಿತ್ತು. ಬಾಲ್ದೆಮಾರ್ ರೊಟ್ಟಿ ಮುರಿದು ಬೀನ್ಸಿನಲ್ಲಿ ಅದ್ದಿದ. ಬಾಯಿಗಿಡುವ ಮುಂಚೆ ಅಭ್ಯಾಸಬಲದಿಂದ ಮೂಸಿದ. ಎರ್ಲಿಂದಾ ಅದನ್ನು ನೋಡಿ ಹಣೆ ಚಚ್ಚಿಕೊಂಡಳು.

*

ಬುಧವಾರ ಸಂಜೆ ಅವನು ಟಾಲ್ಬರ್ಟ್‌ನನ್ನು ಆಟಕ್ಕೆ ಕರೆದ. ಬೇಕೆಂದೇ ಮೂರನೆಯ ಬೇಸಿನ ಪಕ್ಕದ ಬೆಂಚು ತೋರಿಸಿದ. ಆ ಹೊತ್ತಿನಲ್ಲಿ ಅಲ್ಲಿ ಕುಳಿತರೆ ಬೆಂಚಿನ ತಗಡು ಪ್ಯಾಂಟಿನ ಮೂಲಕ ಚರ್ಮಕ್ಕೆ ಅಂಟುತ್ತಿತ್ತು. ಗೊತ್ತಿದ್ದವರು ಯಾರೂ ಆ ಕಡೆ ಸುಳಿಯುತ್ತಿರಲಿಲ್ಲ. ಬಾಲ್ದೆಮಾರನ ಜೊತೆ ರೇಡಿಯೋ ಯಂತ್ರಗಳನ್ನು ನೋಡಿಕೊಳ್ಳುವ ಚಾನೊ ಮೇಲಿನ ಗೂಡಿನಿಂದ ಇಣುಕಿ ನಗುತ್ತಿದ್ದ. ಬಾಲ್ದೆಮಾರನ ಮಗಳಿಗೆ ದೀಕ್ಷಾಸ್ನಾನದ ದಿನ ಧರ್ಮತಂದೆಯಾಗಿ ನಿಂತವನು ಚಾನೊ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ.

"ಪಾಪ, ಬೆಂದು ಹೋಗ್ತಾನೆ ಕಂಪಾದ್ರೆ."

"ಬೇಯ್ಲಿ. ಎದ್ದು ಬಂದು, ಹೊಸ ಮೈದಾನಕ್ಕೆ ಚಾವಣಿ ಇರುತ್ತಾ ಅಂತ ಕೇಳ್ತಾನೋ ಇಲ್ವೋ ನೋಡೋಣ. ಕೇಳಿದ್ರೆ ನಾನು ನಂಬ್ತೀನಿ."

"ನಂಗೊಂದು ಅನ್ಸುತ್ತೆ," ಎಂದ ಚಾನೊ. "ಇವ್ನ ಯಜಮಾನ ಮನೇಲಿರೋ ಹೆಂಡ್ತಿಗೆ ಹೊಟ್ಟೆಕಿಚ್ಚು ಹುಟ್ಟಿಸೋಕೆ ನಮ್ಮ ಹುಡುಗಿ ಜೊತೆ ಕುಣೀತಿದಾನೆ. ಹಾಡು ಮುಗಿದ್ ತಕ್ಷಣ ಟೋಪಿ ಹಾಕ್ಕೊಂಡು ಹೊರಡ್ತಾನೆ."

ಅದು ಬಾಲ್ದೆಮಾರನ ಮನಸ್ಸಿನಲ್ಲಿದ್ದ ಮಾತೇ. ಬೇರೆಯವರ ಬಾಯಲ್ಲಿ ಕೇಳಿದಾಗ ಮಾತ್ರ ಅದು ಕೊಂಚ ಅಗ್ಗವಾಗಿ ಕೇಳಿಸಿತು.

ಟಾಲ್ಬರ್ಟ್ ಕೋಟು ಕಳಚಿ ಬಿಸಿಲಲ್ಲೇ ಕುಳಿತ. ಫೋಟೋ ತೆಗೆಯುವ ಹುಡುಗಿ ಒಂದೆರಡು ಚಿತ್ರ ತೆಗೆದು ನೆರಳಿಗೆ ಓಡಿದಳು. ಅವನೂ ಈಗ ಎದ್ದು ಹೋಗುತ್ತಾನೆ ಎಂದು ಬಾಲ್ದೆಮಾರ್ ವಿವರಣೆಯ ನಡುನಡುವೆ ಆ ಕಡೆ ಕಣ್ಣು ಹಾಯಿಸುತ್ತಿದ್ದ. ಅವನು ಏಳಲಿಲ್ಲ. ಸೂರ್ಯಕಾಂತಿ ಬೀಜದ ಪೊಟ್ಟಣ ಕೊಂಡುಕೊಂಡು ಸಿಪ್ಪೆ ಉಗುಳುತ್ತ ಆಟ ನೋಡಿದ. ಐದನೆಯ ಸುತ್ತಿನಲ್ಲಿ ಚೆಂಡೊಂದು ನೆಲಕ್ಕೆ ಬಡಿದು ಎರಡನೆಯ ಬೇಸಿನ ಆಚೆ ನುಗ್ಗಿತು. ವೆನೆಜುವೆಲಾದಿಂದ ಬಂದಿದ್ದ ಓಸ್ವಾಲ್ದೊ ಎಂಬ ಆಟಗಾರ ಅಡ್ಡಕ್ಕೆ ಹಾರಿ, ಬರಿಗೈಯಲ್ಲಿ ಹಿಡಿದು, ಬೀಳುತ್ತ ಬೀಳುತ್ತಲೇ ಎಸೆದ. ಓಟಗಾರ ಔಟಾದ. ಟಾಲ್ಬರ್ಟ್ ಎದ್ದು ನಿಂತಿದ್ದ. ಮಡಿಲಲ್ಲಿದ್ದ ಬೀಜಗಳೆಲ್ಲ ಚೆಲ್ಲಿದ್ದವು. ಸುತ್ತ ಯಾರೂ ಇರಲಿಲ್ಲ, ಕ್ಯಾಮೆರಾ ಕೂಡ ಇರಲಿಲ್ಲ. ಆದರೂ ಅವನು ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಚಿಕ್ಕವನಂತೆ ಬಾಯಿ ತೆರೆದು ನಿಂತಿದ್ದ.

ಈ ಮನುಷ್ಯನಿಗೆ ಆಟವೆಂದರೆ ಪ್ರಾಣ, ಎನಿಸಿತು ಬಾಲ್ದೆಮಾರನಿಗೆ. ಅಷ್ಟರ ಮಟ್ಟಿಗೆ ಸುಳ್ಳಿಲ್ಲ.

ಆಟ ಮುಗಿದ ಮೇಲೆ ಟಾಲ್ಬರ್ಟ್ ಬಿಸಿಲಿಗೆ ಕೆಂಪಾದ ಮುಖದಲ್ಲಿ ಮೆಟ್ಟಿಲು ಹತ್ತಿ ಬಂದ. ಗೂಡಿನ ಬಾಗಿಲಾಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಬಾಲ್ದೆಮಾರ್ ಮೈಕು ಆರಿಸಿ ಕಿವಿ ನಿಮಿರಿಸಿದ.

"ನೋಡಿದ್ರಾ ಅಲ್ಲಿ?... ಏನಂದ್ರು?... ಹ್ಞೂಂ, ಕೆಲ್ಸ ಮಾಡ್ತಿದೆ ಅಂತ ಅನ್ಸುತ್ತೆ."

ಅಲ್ಲಿ ಎಂದರೆ ಎಲ್ಲಿ? ನೋಡಿದ್ದು ಯಾರು? ಕೆಲಸ ಮಾಡುತ್ತಿರುವುದು ಏನು? ಟಾಲ್ಬರ್ಟ್ ಒಳಬಂದು, "ಎಂಥ ಸಂಜೆ ಕಾಂತೂ ಅವ್ರೇ! ಆ ಹುಡುಗನ ಕೈ ನೋಡಿದ್ರಾ!" ಎಂದು ಬೆವರಿನ ಅಂಗೈಯಿಂದ ಅವನ ಕೈ ಕುಲುಕಿದ. ಚಾವಣಿಯ ಬಗ್ಗೆ ಏನೂ ಕೇಳಲಿಲ್ಲ.

ಅವನು ಹೋದ ಮೇಲೆ ಚಾನೊ ವೈರು ಸುತ್ತುತ್ತ, "ಹೆಂಡ್ತಿ ಇರ್ಬೇಕು ಫೋನಲ್ಲಿ. ಮನೇಲಿ ಫ್ರಿಜ್ ರಿಪೇರಿ ಆಗಿರ್ಬೇಕು," ಎಂದ. ಬಾಲ್ದೆಮಾರ್ ನಗಲಿಲ್ಲ.

*

ಗುರುವಾರ ನಗರಸಭೆಯ ಸಭಾಂಗಣದಲ್ಲಿ ಗೋಡೆಗೆ ಒರಗಿ ನಿಲ್ಲಲೂ ಜಾಗವಿರಲಿಲ್ಲ. ಚಿಕ್ಕ ತಂಡದ ಟೋಪಿ ಹಾಕಿಕೊಂಡವರು, ಹ್ಯಾಲ್ಡೇನ್ ತಂಡದ ಹೊಚ್ಚ ಹೊಸ ಟೋಪಿ ಹಾಕಿಕೊಂಡವರು ಅಕ್ಕಪಕ್ಕ ಕುಳಿತಿದ್ದರು. ಹೋಟೆಲಿನವರ ಸಂಘದ ಮನುಷ್ಯನೊಬ್ಬ ಪರವಾಗಿ ಮಾತಾಡಿದ. ಶಾಲೆಯ ಶಿಕ್ಷಕಿಯೊಬ್ಬಳು, ಬಸ್ ನಿಲ್ದಾಣಗಳಿಗೇ ನೆರಳಿಲ್ಲದ ಊರಿಗೆ ಮೈದಾನ ಯಾಕೆ ಎಂದಳು. ದೋನ್ಯಾ ಚೋಲೆಯ ತಮ್ಮ ಎದ್ದು, "ಬೇಸಿಗೆ ಒಂದರಲ್ಲೇ ಎಂಬತ್ತೊಂದು ಆಟ ನಮ್ಮೂರಲ್ಲಿ! ಮೊದಲ ವರ್ಷ ಮುಗಿಬಿದ್ದು ಹೋಗ್ತೀವಿ, ಎರಡನೇ ವರ್ಷ ಟೀವಿಲಿ ನೋಡ್ತೀವಿ, ಮೂರನೇ ವರ್ಷ ಅವ್ರು ಇನ್ನೊಂದೂರಿಗೆ ಹೋಗ್ತಾರೆ," ಎಂದು ಹೇಳಿ ಚಪ್ಪಾಳೆಯನ್ನೂ ಬೈಗುಳವನ್ನೂ ಸಮವಾಗಿ ಗಿಟ್ಟಿಸಿದ. ಪರವಾಗಿಯೂ ವಿರೋಧವಾಗಿಯೂ ಸದಸ್ಯರ ಸಂಖ್ಯೆ ಸರಿಸಮ. ವೆಸ್ಟ್ ಸೈಡಿನ ಸದಸ್ಯೆ ಗ್ರಾಸಿಯೆಲಾ ಇಬಾರಾ ಯಾವ ಕಡೆಗೂ ಬಾಯಿ ಬಿಟ್ಟಿರಲಿಲ್ಲ. ಬಾಲ್ದೆಮಾರನ ಹೆಸರು ಕರೆದಾಗ ಆಕೆ ಕನ್ನಡಕ ತೆಗೆದು ಮುಂದಕ್ಕೆ ಬಾಗಿದಳು.

ಅವನು ನಾಲ್ಕು ಒಳ್ಳೆಯ ಮಾತುಗಳನ್ನೇ ಸಿದ್ಧ ಮಾಡಿಕೊಂಡು ಬಂದಿದ್ದ. ಎರ್ಲಿಂದಾ ಅವನಿಗೆ ಬಿಳಿ ಅಂಗಿ ಇಸ್ತ್ರಿ ಮಾಡಿಕೊಟ್ಟಿದ್ದಳು. ಮೂರನೆಯ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮುಂದಿನ ಸಾಲಿನಲ್ಲಿ ಟಾಲ್ಬರ್ಟ್. ಮೈಕಿನ ಮುಂದೆ ನಿಂತು ಬಾಲ್ದೆಮಾರ್ ಗಂಟಲು ಸರಿಮಾಡಿಕೊಂಡ. ಆ ಸದ್ದನ್ನು ರೇಡಿಯೋದಲ್ಲಿ ಕೇಳಿ ಕೇಳಿ ಗೊತ್ತಿದ್ದ ಜನ ಗಪ್‌ಚಿಪ್ಪಾದರು.

"ನಮ್ಮೂರಿಗೆ ತಂಡ ಸಾಕೋ ಶಕ್ತಿ ಇದೆಯಾ ಅಂತ ಬೆಳಗಿಂದ ಕೇಳ್ತಿದೀರ," ಎಂದ. "ಇದೆ ಅಂತ ನಾನು ನಂಬಿದೀನಿ. ಜನ ಬರ್ತಾರೆ. ಬಿಸಿಲಲ್ಲೂ ಬರ್ತಾರೆ. ಅದರ ಬಗ್ಗೆ ನಂಗೆ ಅನುಮಾನ ಇಲ್ಲ."

ಟಾಲ್ಬರ್ಟ್ ತಲೆಯಾಡಿಸಿದ. ಇಲ್ಲಿಗೆ ನಿಲ್ಲಿಸಬಹುದಿತ್ತು. ಎರ್ಲಿಂದಾಳ ಮುಖದಲ್ಲಿ ಆಗಲೇ ನಗು ಮೂಡಿತ್ತು.

"ನಂಗಿರೋ ಅನುಮಾನ ಬೇರೆ. ಟಾಲ್ಬರ್ಟ್ ಅವ್ರೇ, ನಿಮ್ಮನ್ನೇ ಕೇಳ್ತೀನಿ. ಈ ಊರಿನ ಶಕ್ತಿ ನೀವು ಅಳೆದಾಯ್ತು. ನಿಮ್ಮ ಮನಸ್ಸು ನಾವು ಅಳೀಬೇಡ್ವಾ? ಹ್ಯಾಲ್ಡೇನ್‌ನೋರು ನಾಳೆನೇ ಹೊಸ ಮೈದಾನ ಕಟ್ಟಿಕೊಡ್ತೀವಿ ಅಂದ್ರು ಅಂತ ಇಟ್ಕೊಳಿ. ಆಗ್ಲೂ ನೀವು ಇಲ್ಲಿಗೆ ಬರ್ತೀರಾ?"

ಸಭೆಯಲ್ಲಿ ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಟಾಲ್ಬರ್ಟ್ ನಿಧಾನವಾಗಿ ಎದ್ದ. ನಗು ಹಾಗೇ ಇತ್ತು.

"ಇವತ್ತು ನಮ್ಮ ಕಣ್ಣು ಸ್ಯಾನ್ ಆಂಟೋನಿಯೊ ಒಂದರ ಮೇಲೆ ಮಾತ್ರ ಇದೆ ಕಾಂತೂ ಅವ್ರೇ."

"ನಾನು ಕೇಳಿದ್ದು ನಾಳೆ ವಿಷ್ಯ."

ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಟಾಲ್ಬರ್ಟ್ ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಆ ಒಂದು ಕ್ಷಣ ಅವನ ಮುಖದಲ್ಲಿ ಕಂಡದ್ದು ಸಿಕ್ಕಿಬಿದ್ದ ಕಳ್ಳನ ಗಾಬರಿಯೋ, ನಿಜವಾಗಿ ಉತ್ತರ ಗೊತ್ತಿಲ್ಲದವನ ಗೊಂದಲವೋ ಬಾಲ್ದೆಮಾರನಿಗೆ ತಿಳಿಯಲಿಲ್ಲ. ಗ್ರಾಸಿಯೆಲಾ ಇಬಾರಾ ಮೈಕನ್ನು ತನ್ನ ಕಡೆ ಎಳೆದುಕೊಂಡಳು. "ತಂಡದೋರು ಮೊದ್ಲು ಬರ್ತೀವಿ ಅಂತ ಬರವಣಿಗೆಲಿ ಕೊಡ್ಲಿ. ಆಮೇಲೆ ಕೈ ಎತ್ತೋದು. ಅಲ್ಲೀವರೆಗೂ ಮುಂದೂಡೋಣ," ಎಂದಳು. ಹಾಗೆಯೇ ಆಯಿತು.

ಹೊರಗೆ ಬಂದಾಗ ಜನ ಅವನ ಬೆನ್ನು ತಟ್ಟಿದರು. ಎರ್ಲಿಂದಾ ಮಾತ್ರ ಕಾರಿನಲ್ಲಿ ಕುಳಿತು ಮನೆ ಸೇರುವ ತನಕ ಕಿಟಕಿಯಾಚೆ ನೋಡುತ್ತಿದ್ದಳು.

*

ಬರವಣಿಗೆ ಬರಲಿಲ್ಲ. ಆಗಸ್ಟ್ ಕಾಲಿಡುವ ಹೊತ್ತಿಗೆ ಹ್ಯಾಲ್ಡೇನ್ ನಗರಸಭೆ ಹೊಸ ಮೈದಾನಕ್ಕೆ ಒಪ್ಪಿಕೊಂಡಿತು. ತಂಡದ ಯಜಮಾನ ಸರೋವರದ ದಂಡೆಯಲ್ಲಿ ನಿಂತು, ನಮ್ಮ ಮನಸ್ಸು ಎಂದೂ ಇಲ್ಲೇ ಇತ್ತು ಎಂದ. ಆ ದಿನ ಬಾಲ್ದೆಮಾರ್ ಪತ್ರಿಕೆಯನ್ನು ಮೇಜಿನ ಮೇಲೆ ಎರ್ಲಿಂದಾಳ ಮುಂದೆ ಇಟ್ಟ. ನೋಡಿದೆಯಾ ಎಂಬ ಮಾತು ಬಾಯಿಗೆ ಬಂದಿತ್ತು. ಅವಳು ಓದಿ, ಪುಟ ತಿರುಗಿಸಿ, ಒಳಪುಟದ ಮೂಲೆಯಲ್ಲಿದ್ದ ಸಾಲುಗಳ ಮೇಲೆ ಬೆರಳಿಟ್ಟಳು. ಅಲ್ಲಿ ಟಾಲ್ಬರ್ಟ್‌ನ ಮಾತಿತ್ತು: 'ಸ್ಯಾನ್ ಆಂಟೋನಿಯೊ ಒಳ್ಳೆಯ ಊರು. ಆದರೆ ಅಲ್ಲಿ ನಮ್ಮನ್ನು ಮನಸಾರೆ ಬರಮಾಡಿಕೊಂಡರು ಎಂದು ಹೇಳಲಾರೆ.'

ಆ ಎರಡು ಸಾಲು ಸಾಕಾಯಿತು. ಬೆನ್ನು ತಟ್ಟಿದ್ದ ಕೈಗಳೇ ಈಗ ಬೆರಳು ತೋರಿಸಿದವು. ಬರಬೇಕೆಂದಿದ್ದವರನ್ನು ಬಾಗಿಲಲ್ಲೇ ನಿಲ್ಲಿಸಿ ಅವಮಾನ ಮಾಡಿದ ಎಂದರು. ದೊಡ್ಡ ತಂಡ ಬಂದರೆ ಚಿಕ್ಕ ತಂಡ ಮುಚ್ಚಿಹೋಗುತ್ತಿತ್ತಲ್ಲ, ಅದರ ಮಾಲೀಕರೇ ಇವನ ಬಾಯಲ್ಲಿ ಆ ಪ್ರಶ್ನೆ ಇಟ್ಟರು ಎಂದು ಯಾರೋ ಹೇಳಿದರು. ಹೇಳಿದ್ದು ಯಾರು ಎಂದು ಯಾರಿಗೂ ಗೊತ್ತಿರಲಿಲ್ಲ, ಆದರೆ ಆ ಮಾತು ಎಲ್ಲರಿಗೂ ಗೊತ್ತಿತ್ತು. ದೋನ್ಯಾ ಚೋಲೆ ಅವನಿಗೆ ಬನ್ನು ಕಟ್ಟಿಕೊಟ್ಟು, "ಇನ್ನೇನಾದ್ರೂ ಬೇಕಾ?" ಎಂದಳು, ಹೊಸ ಗಿರಾಕಿಯನ್ನು ಕೇಳುವಂತೆ. ಕಣ್ಣೆತ್ತಲಿಲ್ಲ. ಬರುವುದಿಲ್ಲವೆಂದು ಮೊದಲಿನಿಂದ ಸಾರಿದ್ದ ಆಕೆಯ ತಮ್ಮ ಕೂಡ, "ಬಂದೇ ಬಿಡ್ತಿದ್ರು ಕಣ್ರೀ," ಎನ್ನತೊಡಗಿದ್ದ.

ಬಾಲ್ದೆಮಾರನಿಗೆ ವಿಚಿತ್ರವೆನಿಸಿತು. ಜೀವಮಾನವಿಡೀ ಊರನ್ನೆಲ್ಲ ಅನುಮಾನದ ಕಣ್ಣಿನಲ್ಲಿ ನೋಡಿದವನು ಅವನು. ತನ್ನನ್ನೂ ಯಾರಾದರೂ ಹಾಗೆ ನೋಡಬಹುದೆಂದು ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ನೀನೂ ಹಾಗೇ ಅಂದ್ಕೊಂಡಿದೀಯಾ?" ಎಂದು ಎರ್ಲಿಂದಾಳನ್ನು ಕೇಳಿದ.

"ಇಲ್ಲ," ಎಂದಳು ಅವಳು, ಒಣಗಿದ ಬಟ್ಟೆ ಮಡಿಸುತ್ತ. "ನಿನ್ ಬಾಯಲ್ಲಿ ಯಾರೂ ಏನೂ ಇಡೋಕಾಗಲ್ಲ. ಅದು ನಿಂದೇ ಪ್ರಶ್ನೆ." ಕೊನೆಯ ಅಂಗಿ ಮಡಿಸಿಟ್ಟು, "ಸರಿಯಾದ ಪ್ರಶ್ನೆನೇ ಕೇಳ್ದೆ. ಬೇರೆ ಯಾರಾದ್ರೂ ಕೇಳಿದ್ರೆ ಚೆನ್ನಾಗಿತ್ತು," ಎಂದಳು.

ಆ ವಾರದ ಕೊನೆಗೆ ಟಾಲ್ಬರ್ಟ್ ಫೋನ್ ಮಾಡಿದ. ಬಾಲ್ದೆಮಾರ್ ಹಿತ್ತಲಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದ.

"ಕಾಂತೂ ಅವ್ರೇ, ನಾನು ಕೆಲ್ಸ ಬಿಟ್ಟೆ. ಬಿಡಿಸಿದ್ರು ಅನ್ನಿ. ನಿಮಗೊಂದು ಮಾತು ಹೇಳ್ಬೇಕು ಅನ್ನಿಸ್ತು. ಅವತ್ತು ಸಭೆಲಿ ನೀವು ಕೇಳಿದ್ರಲ್ಲ, ನಂಗೆ ಉತ್ತರ ಗೊತ್ತಿರ್ಲಿಲ್ಲ. ಆಣೆ ಮಾಡಿ ಹೇಳ್ತೀನಿ. ಬರೋದು ಖಂಡಿತ ಅಂತಾನೇ ನಾನು ತಿಳ್ಕೊಂಡಿದ್ದೆ. ನನ್ ಮಗಳಿಗೆ ನಿಮ್ಮೂರಲ್ಲಿ ಸ್ಕೂಲ್ ಕೂಡ ನೋಡಿದ್ದೆ."

"ಪೇಪರ್‌ನಲ್ಲಿ ಹೇಳಿದ್ದು?"

"ಅದು ಅವ್ರು ಬರ್ದು ಕೊಟ್ಟಿದ್ದು."

"ಅವತ್ತು ಆಟದ ದಿನ ಫೋನ್‌ನಲ್ಲಿ ಮಾತಾಡ್ತಿದ್ರಿ. 'ನೋಡಿದ್ರಾ ಅಲ್ಲಿ, ಏನಂದ್ರು' ಅಂತ. ಅದ್ಯಾರ ಜೊತೆ?"

"ನೆನಪಿಲ್ಲ," ಎಂದ ಟಾಲ್ಬರ್ಟ್. "ನಿಜವಾಗ್ಲೂ ನೆನಪಿಲ್ಲ."

ನೀರು ಗಿಡದ ಬುಡ ತುಂಬಿ ಕಾಲುದಾರಿಗೆ ಹರಿಯುತ್ತಿತ್ತು. ಮೋಸಗಾರನಾದರೆ ಕೆಲಸ ಮುಗಿದ ಮೇಲೆ ಯಾಕೆ ಫೋನ್ ಮಾಡುತ್ತಾನೆ? ಮೋಸಗಾರನಲ್ಲದಿದ್ದರೆ ಅದೊಂದು ಕರೆ ಯಾಕೆ ನೆನಪಿಲ್ಲ? ಅವನು ನಿಜವನ್ನೇ ಹೇಳುತ್ತಿದ್ದರೆ, ಊರಿನವರು ಅನ್ನುವುದರಲ್ಲಿ ಒಂದು ಚೂರಾದರೂ ಸತ್ಯವಿದೆ. ಬಾಲ್ದೆಮಾರ್ ಹೋಗಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. ಕೊನೆಗೆ ಟಾಲ್ಬರ್ಟ್ ತಾನೇ, "ಆ ಹುಡುಗ ಹೇಗೆ ಆಡ್ತಿದಾನೆ, ಓಸ್ವಾಲ್ದೊ?" ಎಂದ.

"ಮೇಲಕ್ಕೆ ಹೋದ," ಎಂದ ಬಾಲ್ದೆಮಾರ್. "ಹೋದ ವಾರ ಕರೆಸ್ಕೊಂಡ್ರು."

"ಹೋಗ್ಲೇಬೇಕಿತ್ತು," ಎಂದ ಟಾಲ್ಬರ್ಟ್. ಆ ದನಿಯಲ್ಲಿದ್ದ ಸಂತೋಷವನ್ನು ಅನುಮಾನಿಸಲು ಬಾಲ್ದೆಮಾರನಿಂದಲೂ ಆಗಲಿಲ್ಲ.

*

ಭಾನುವಾರ ಹಗಲಿನ ಆಟ. ಬೆಂಚುಗಳು ಅಲ್ಲೊಂದು ಇಲ್ಲೊಂದು ತಲೆ ಬಿಟ್ಟರೆ ಖಾಲಿ ಇದ್ದವು. ಗೂಡಿನಲ್ಲಿ ಚಾನೊ ಯಂತ್ರದ ಗುಂಡಿ ತಿರುಗಿಸುತ್ತಿದ್ದ. ಕೆಲವು ದಿನಗಳಿಂದ ಅವನು ಮಾತು ಕಡಿಮೆ ಮಾಡಿದ್ದ. ಬಾಲ್ದೆಮಾರ್, "ಟಾಲ್ಬರ್ಟ್ ಫೋನ್ ಮಾಡಿದ್ದ," ಎಂದ.

ಚಾನೊನ ಬೆರಳು ಗುಂಡಿಯ ಮೇಲೆ ನಿಂತಿತು. "ನಿಂಗಾ?"

"ಹ್ಞೂಂ. ಮನೆಗೆ."

"ನಿಂಗ್ಯಾಕೆ ಮಾಡ್ತಾನೆ ಅವ್ನು?"

"ಸುಮ್ನೆ. ಮಾತಾಡೋಕೆ."

"ಸುಮ್ನೆ," ಎಂದ ಚಾನೊ. ಗುಂಡಿಯನ್ನು ಇನ್ನಷ್ಟು ತಿರುಗಿಸಿದ, ಹಿಂದಕ್ಕೆ ತಂದ. "ಕಂಪಾದ್ರೆ, ಬೇಜಾರ್ ಮಾಡ್ಕೋಬೇಡ. ನಾನು ಯಾರಿಗೂ ಹೇಳಲ್ಲ. ಸಭೆಲಿ ಆ ಪ್ರಶ್ನೆ ಕೇಳು ಅಂತ ನಿಂಗೆ ಯಾರಾದ್ರೂ ಹೇಳಿದ್ರಾ? ಇಲ್ಲಿಯೋರೋ, ಅಲ್ಲಿಯೋರೋ?"

ಬಾಲ್ದೆಮಾರ್ ಅವನ ಮುಖ ನೋಡಿದ. ನಮ್ಮ ಹುಡುಗಿಯ ಜೊತೆ ಕುಣಿಯುತ್ತಿದ್ದಾನೆ ಎಂದು ತಾನೇ ಹೇಳಿದ್ದು ಇವನಿಗೆ ಮರೆತೇ ಹೋಗಿತ್ತು. ಅಥವಾ ಮರೆತಿರಲಿಲ್ಲ. ಆ ಮುಖದಲ್ಲಿ ದ್ವೇಷವಿರಲಿಲ್ಲ, ಕೊಂಕೂ ಇರಲಿಲ್ಲ. ನಿಜ ತಿಳಿಯಬೇಕೆಂಬ ಆಸೆ ಮಾತ್ರ ಇತ್ತು. ತನ್ನ ಮುಖದಲ್ಲಿ ಜನ ನೋಡುತ್ತ ಬಂದದ್ದೂ ಇದನ್ನೇ ಇರಬೇಕು. ಇಲ್ಲ ಎಂದರೆ ಇವನು ನಂಬುತ್ತಾನೆಯೇ? ನಂಬಿದೆ ಎಂದರೆ ಆ ಮಾತನ್ನು ತಾನು ನಂಬಬಲ್ಲನೇ?

"ಇಲ್ಲ ಚಾನೊ," ಎಂದ.

"ಸರಿ ಬಿಡು," ಎಂದ ಚಾನೊ ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತ. ಆಮೇಲೆ ಕೈ ಎತ್ತಿ ಬೆರಳು ಮಡಿಸುತ್ತ ಸನ್ನೆ ಮಾಡಿದ. ಮೈಕಿನ ಕೆಂಪು ದೀಪ ಹೊತ್ತಿಕೊಂಡಿತು.

ಬಾಲ್ದೆಮಾರ್ ಕೇಳುಗರಿಗೆ ನಮಸ್ಕಾರ ಹೇಳಿದ. ಗಾಳಿ ಇಲ್ಲ ಎಂದ, ಧ್ವಜಗಳು ಕಂಬಕ್ಕೆ ಅಂಟಿಕೊಂಡಿವೆ ಎಂದ. ಓಸ್ವಾಲ್ದೊ ಬಿಟ್ಟುಹೋದ ಜಾಗಕ್ಕೆ ಬಂದ ಹೊಸಬನ ಹೆಸರು ಹೇಳಿದ, ಅವನ ಅಂಗಿ ಕೊಂಚ ದೊಡ್ಡದಾಗಿದೆ ಎಂದ. ಎರಡನೆಯ ಸುತ್ತಿನಲ್ಲಿ ದಾಂಡಿಗನೊಬ್ಬ ಬೀಸಿ ಹೊಡೆದ. ಚೆಂಡು ನೆಟ್ಟಗೆ ಆಕಾಶಕ್ಕೆ ಏರಿತು. ಏರುತ್ತ ಏರುತ್ತ ನಡುಹಗಲಿನ ಬಿಳುಪಿನಲ್ಲಿ ಕರಗಿಹೋಯಿತು. ಹಿಡಿಯಲು ಓಡಿದವನು ಅರ್ಧದಲ್ಲೇ ನಿಂತು ಕೈಗವಸನ್ನು ಕಣ್ಣಿಗೆ ಅಡ್ಡ ಹಿಡಿದ. ಪಕ್ಕದವನೂ ನಿಂತ. ಬೆಂಚುಗಳ ಮೇಲಿದ್ದ ಕೆಲವೇ ಜನ ಹುಬ್ಬಿಗೆ ಕೈ ಹಚ್ಚಿ ಕತ್ತು ಎತ್ತಿದರು. ಚಾನೊ ಕಿಟಕಿಯಿಂದಾಚೆ ಬಾಗಿದ. ಬಾಲ್ದೆಮಾರ್ ಕುರ್ಚಿಯಿಂದ ಎದ್ದು, ಮೈಕನ್ನು ಬಾಯ ಹತ್ತಿರ ಹಿಡಿದು, ಮೇಲಕ್ಕೆ ನೋಡುತ್ತ ನಿಂತ. ಊರಿನ ಅಡುಗೆಮನೆಗಳಲ್ಲಿ, ಲಾರಿಗಳಲ್ಲಿ, ರೇಡಿಯೋ ಹಚ್ಚಿಕೊಂಡವರಿಗೆ ಆ ಹೊತ್ತು ಕೇಳಿಸಿದ್ದು ಅವನ ಉಸಿರು ಮಾತ್ರ.